ಲ್ಯಾವೆಂಡರ್‌ಗೆ ಮೊದಲು ನೀರು ನಿಲ್ಲಿಸಿ

ಪ್ರಶ್ನೆ: ಲ್ಯಾವೆಂಡರ್ ಗಿಡ ತಂದು ತಿಂಗಳಾಯಿತು. ದಿನಾ ತಪ್ಪದೆ ನೀರು ಹಾಕುತ್ತಿದ್ದೇನೆ, ಆದರೂ ಬಾಡುತ್ತಿದೆ. ಬುಡದ ಎಲೆಗಳು ಕಪ್ಪಾಗಿವೆ. ಇನ್ನೂ ಜಾಸ್ತಿ ನೀರು ಬೇಕಾ?

ಉತ್ತರ: ದಿನಾ ನೀರು ಹಾಕುತ್ತಿರುವುದಕ್ಕೇ ಬಾಡುತ್ತಿದೆ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಅದಕ್ಕೆ ಇವತ್ತು ಇದನ್ನೇ ಪೂರ್ತಿ ಹೇಳಿಬಿಡುತ್ತೇನೆ.

ಇದು ಮೆಡಿಟರೇನಿಯನ್ ಸಮುದ್ರದ ಸುತ್ತಿನ ಕಲ್ಲುಗುಡ್ಡಗಳಲ್ಲಿ ಬೆಳೆದ ಗಿಡ. ಮಣ್ಣು ಸದಾ ಒದ್ದೆ ಇದ್ದರೆ ಬೇರಿಗೆ ಗಾಳಿ ಸಿಗುವುದಿಲ್ಲ, ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರೆಳೆಯಲಾರದು. ಹಾಗಾಗಿ ಒದ್ದೆ ಮಣ್ಣಿನಲ್ಲಿ ನಿಂತೇ ಗಿಡ ಬಾಡುತ್ತದೆ. ನೀವು ಪಾಪ, ಬಾಯಾರಿದೆ ಅಂದುಕೊಂಡು ಇನ್ನೊಂದು ಚೊಂಬು ಸುರಿಯುತ್ತೀರಿ. ಹೊಟ್ಟೆ ಕೆಟ್ಟವನಿಗೆ ಎರಡನೇ ಸಲ ಊಟ ಬಡಿಸಿದ ಹಾಗೆ.

ಗಿಡವನ್ನು ಕುಂಡದಿಂದ ಮಣ್ಣಿನ ಸಮೇತ ಮೆಲ್ಲಗೆ ಎತ್ತಿ ನೋಡಿ. ಒಳ್ಳೆಯ ಬೇರು ಬಿಳಿಚಿಕೊಂಡು ಗಟ್ಟಿ ಇರುತ್ತದೆ. ಕೊಳೆತದ್ದು ಕಂದು ಬಣ್ಣದ್ದು, ಬೆರಳಲ್ಲಿ ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯುತ್ತದೆ. ಅರ್ಧದಷ್ಟು ಬೇರು ಚೆನ್ನಾಗಿದ್ದರೆ ಕೊಳೆತದ್ದನ್ನು ಕತ್ತರಿಸಿ, ಬೇರಿನ ಗಾತ್ರಕ್ಕಿಂತ ಸ್ವಲ್ಪವೇ ದೊಡ್ಡದಾದ ಮಣ್ಣಿನ ಕುಂಡಕ್ಕೆ ಹಾಕಿ. ಅರ್ಧ ಮಣ್ಣು, ಅರ್ಧ ದಪ್ಪ ಮರಳು ಅಥವಾ ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರವಾದ ಬಿಳಿ ಹರಳು). ನುಣ್ಣನೆಯ ಮರಳು ಬೇಡ, ಅದು ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಬೇರೆಲ್ಲ ಹೋಗಿದ್ದರೆ ಗಿಡ ಬಿಟ್ಟುಬಿಡಿ. ಮೇಲೆ ಹಸಿರು ತುದಿ ಉಳಿದಿದ್ದರೆ 8-10 ಸೆಂಟಿಮೀಟರ್ ಕಡ್ಡಿ ತೆಗೆದು ನೆಟ್ಟು ನೋಡಬಹುದು, ಅಷ್ಟೇ.

ಕುಂಡದ ತಳಕ್ಕೆ ಹೆಂಚಿನ ಚೂರು, ಜಲ್ಲಿ ಹರಡಿದರೆ ನೀರು ಬೇಗ ಇಳಿಯುತ್ತದೆ ಎನ್ನುವವರು ಬೇಕಾದಷ್ಟು ಜನ. ಸುಳ್ಳು. ಮೇಲಿನ ಮಣ್ಣು ಪೂರ್ತಿ ನೆನೆಯುವ ತನಕ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ಬೇರಿಗಿದ್ದ ಜಾಗ ಕಮ್ಮಿಯಾಗುತ್ತದೆ, ಒದ್ದೆ ಭಾಗ ಬೇರಿಗೆ ಇನ್ನಷ್ಟು ಹತ್ತಿರ ಬರುತ್ತದೆ. ತೂತು ದೊಡ್ಡದಿರಲಿ, ಕೆಳಗಿನ ತಟ್ಟೆಯನ್ನು ತೆಗೆದು ಬಿಸಾಡಿ.

ಇನ್ನು ನೀರು ಯಾವಾಗ? ಬೆರಳನ್ನು ಎರಡು ಗೆಣ್ಣಿನಷ್ಟು ಒಳಗೆ ತೂರಿಸಿ, ಒಣಗಿದ್ದರೆ ಮಾತ್ರ. ವಾರಕ್ಕೆ ಇಷ್ಟು ಸಲ ಅಂತ ಲೆಕ್ಕ ಕೇಳಬೇಡಿ, ಕೊಡುವುದಿಲ್ಲ. ನಾನು ಮೊದಲ ಮೂರು ಗಿಡಗಳನ್ನು ನಿಮ್ಮ ಹಾಗೇ ದಿನಾ ನೀರು ಹಾಕಿ ಕೊಂದವನು. ನಾಲ್ಕನೆಯದನ್ನು ಮರೆತು ಹನ್ನೆರಡು ದಿನ ಊರಲ್ಲಿ ಇರಲಿಲ್ಲ. ಉಳಿದದ್ದು ಅದೊಂದೇ.

ಸೆಕೆ, ತೇವ ಜಾಸ್ತಿ ಇರುವ ಕಡೆ ಅಂಗಸ್ಟಿಫೋಲಿಯಾ ಜಾತಿ ಬಾಳುವುದು ಕಷ್ಟ. ಡೆಂಟಾಟಾ ಸ್ವಲ್ಪ ಗಟ್ಟಿ. ಎಲೆಯ ಅಂಚು ಗರಗಸದಂತೆ ಇದ್ದರೆ ಅದು ಡೆಂಟಾಟಾ. ಕೊಳ್ಳುವ ಮುಂಚೆ ಒಂದು ಎಲೆ ಎತ್ತಿ ನೋಡಿ, ಚೀಟಿಯನ್ನು ನಂಬಬೇಡಿ.

ಪ್ರಶ್ನೆ: ಗಿಡ ಇಟ್ಟರೆ ಸೊಳ್ಳೆ ಓಡುತ್ತವಾ?

ಉತ್ತರ: ಇಲ್ಲ. ಸೊಳ್ಳೆಗೆ ಹಿಡಿಸದ ಎಣ್ಣೆ ಹೊರಬರುವುದು ಎಲೆ, ಹೂ ಉಜ್ಜಿದಾಗ. ಸುಮ್ನೆ ನಿಂತ ಗಿಡದ ಪಕ್ಕದಲ್ಲೇ ಸೊಳ್ಳೆ ನನ್ನನ್ನು ಕಚ್ಚಿದೆ.

ಪ್ರಶ್ನೆ: ಕಾಫಿ ಚರಟ, ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಇರುವ ಉಪ್ಪು) ಹಾಕಿದರೆ ಹೂ ಜಾಸ್ತಿ ಬರುತ್ತದಂತೆ?

ಉತ್ತರ: ಯಾರು ಹೇಳಿದರೋ ಅವರ ಗಿಡ ನೋಡಿ ಬನ್ನಿ. ಗೊಬ್ಬರ ಜಾಸ್ತಿಯಾದರೆ ಸೊಪ್ಪು ಕೊಬ್ಬುತ್ತದೆ, ಹೂ ಕಮ್ಮಿ. ಬೇಕಾಗಿರುವುದು ದಿನಕ್ಕೆ 6 ಗಂಟೆಗೆ ಕಮ್ಮಿಯಿಲ್ಲದ ನೇರ ಬಿಸಿಲು.

ಪ್ರಶ್ನೆ: ಮನೆಯಲ್ಲೇ ತೆಗೆದ ಎಣ್ಣೆ ಎರಡು ಹನಿ ಕುಡಿದರೆ ನಿದ್ದೆ ಬರುತ್ತದೆ ಅಂತ ಒಬ್ಬರು ಮಾರುತ್ತಿದ್ದಾರೆ.

ಉತ್ತರ: ಕುಡಿಯಬೇಡಿ, ಮಕ್ಕಳಿಗಂತೂ ಕೊಡಲೇಬೇಡಿ. ಮನೆಯಲ್ಲಿ ಬೆಕ್ಕಿದ್ದರೆ ಎಣ್ಣೆಯ ಸೀಸೆ ಎತ್ತರದಲ್ಲಿರಲಿ. ನಿದ್ದೆ ಬಾರದಿದ್ದರೆ ಡಾಕ್ಟರ ಹತ್ತಿರ ಹೋಗಿ, ಮಾರುವವರ ಹತ್ತಿರ ಅಲ್ಲ.

ಪ್ರಶ್ನೆ: ಎಷ್ಟು ಕತ್ತರಿಸಬಹುದು?

ಉತ್ತರ: ಹೂ ಮುಗಿದ ಮೇಲೆ ಮೂರರಲ್ಲಿ ಒಂದು ಪಾಲು, ಹಸಿರು ಭಾಗದಲ್ಲಿ ಮಾತ್ರ. ಎಲೆಯಿಲ್ಲದ ಕಂದು ಕಟ್ಟಿಗೆಗೆ ಕತ್ತರಿ ಹಾಕಿದರೆ ಬಹಳ ಸಲ ಮತ್ತೆ ಚಿಗುರುವುದೇ ಇಲ್ಲ. ಅನುಮಾನ ಬಂದರೆ ಎರಡು ಜೊತೆ ಎಲೆ ಬಿಟ್ಟು ಮೇಲಕ್ಕೆ ಕತ್ತರಿಸಿ.