ಯಾವಾಗಲೂ ಸಜ್ಜಾಗಿರುವ ವಿಮಾನಕ್ಕೆ ಮತ್ತೇನು ತಯಾರಿ?

ಪ್ರಶ್ನೆ: ಹವಾಯಿಯಲ್ಲಿ ಹಲವು ದೇಶಗಳು ಸೇರಿ ನಡೆಸುವ ರಿಮ್‌ಪ್ಯಾಕ್ ಸಮರಾಭ್ಯಾಸಕ್ಕೆ 2022ರಲ್ಲಿ ನಮ್ಮ ನೌಕಾಪಡೆಯ, ಸಬ್‌ಮರೀನ್ ಹುಡುಕುವ ಪಿ-8ಐ ವಿಮಾನವೂ ಹೋಗಿತ್ತು. ಇಂಥ ವಿಮಾನಗಳು ಯಾವಾಗಲೂ ಸಜ್ಜಾಗಿಯೇ ಇರುತ್ತವೆ ಅಲ್ವಾ? ಹಾಗಿದ್ದ ಮೇಲೆ ಅಷ್ಟೊಂದು ಮುಂಚಿನಿಂದ ತಯಾರಿ ಯಾಕೆ? ಯುದ್ಧ ಬಂದರೆ ಅಷ್ಟು ಸಮಯ ಸಿಗುತ್ತದೆಯೇ?

ಉತ್ತರ: ಸಿಗುವುದಿಲ್ಲ. ಅದಕ್ಕೇ ಈಗಲೇ ಮಾಡಿಕೊಳ್ಳುವುದು. ವಿಮಾನ ಸಜ್ಜಾಗಿರುತ್ತದೆ, ನಿಜ. ಆದರೆ ಬೇರೆ ದೇಶದವರ ಜೊತೆ ಹಾರಲು ಅದಷ್ಟೇ ಸಾಲದು. ಆ ವರ್ಷ 26 ದೇಶಗಳು ಸೇರಿದ್ದವು, ಸುಮಾರು 170 ವಿಮಾನಗಳಿದ್ದವು. ಯಾರು ಎಷ್ಟು ಎತ್ತರದಲ್ಲಿ ಹಾರಬೇಕು ಎಂಬುದೇ ಮೊದಲ ಮಾತು.

ಕೇಳಲು ಸುಲಭ ಅನ್ನಿಸುತ್ತದೆ. ಆದರೆ ಎತ್ತರ ತೋರಿಸುವ ಮೀಟರ್ ಅಳೆಯುವುದು ಗಾಳಿಯ ಒತ್ತಡವನ್ನು. ಎಲ್ಲರೂ ಅದನ್ನು ಒಂದೇ ಒತ್ತಡಕ್ಕೆ ಹೊಂದಿಸಿಕೊಳ್ಳಬೇಕು. ಇಬ್ಬರ ನಡುವೆ 10 ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ವ್ಯತ್ಯಾಸವಾದರೂ ಲೆಕ್ಕ ಸುಮಾರು 300 ಅಡಿ ತಪ್ಪುತ್ತದೆ. ಒಬ್ಬರ ಮೀಟರ್ 1,000 ಅಡಿ ಅನ್ನುತ್ತದೆ, ಇನ್ನೊಬ್ಬರದು 1,300. ನಿಜವಾಗಿ ಇಬ್ಬರೂ ಒಂದೇ ಎತ್ತರದಲ್ಲಿರಬಹುದು! ಸಬ್‌ಮರೀನ್ ಬೇಟೆಯಲ್ಲಿ ಒಂದು ವಿಮಾನ ಹೊರಡುವ ಮುಂಚೆಯೇ ಇನ್ನೊಂದು ಅದೇ ಜಾಗಕ್ಕೆ ಬಂದು ಕೆಲಸ ವಹಿಸಿಕೊಳ್ಳುತ್ತದೆ. ಕೆಳಗೆ ಸಮುದ್ರ, ಕೆಲವೊಮ್ಮೆ ಕತ್ತಲೆ, ಮೋಡ. ನನ್ನ ಪ್ರಕಾರ ಇಡೀ ಅಭ್ಯಾಸದಲ್ಲಿ ಜಾಸ್ತಿ ಎಚ್ಚರ ಬೇಕಾದ ಹೊತ್ತು ಅದು.

ಆಮೇಲೆ ಸೋನೊಬಾಯ್‌ಗಳು. ಇವು ನೀರಿಗೆ ಬಿದ್ದು ಸಬ್‌ಮರೀನ್ ಸದ್ದನ್ನು ಕೇಳಿಸಿಕೊಂಡು, ರೇಡಿಯೊ ಮೂಲಕ ವಿಮಾನಕ್ಕೆ ಕಳಿಸುತ್ತವೆ. ಇವುಗಳ ಚಾನಲ್‌ಗಳು ನೂರಕ್ಕಿಂತ ಕಡಿಮೆ. ಅಕ್ಕಪಕ್ಕದ ಎರಡು ವಿಮಾನಗಳು ಒಂದೇ ಚಾನಲ್ ಬಳಸಿದರೆ ಇಬ್ಬರಿಗೂ ಸರಿಯಾಗಿ ಕೇಳಿಸುವುದಿಲ್ಲ. ಹಾಗಾಗಿ ಯಾರಿಗೆ ಯಾವುದು ಎಂದು ಮೊದಲೇ ಹಂಚಿಕೊಳ್ಳುತ್ತಾರೆ.

ಕಾಗದದ ಕೆಲಸವೂ ಇದೆ. 1944ರ ಶಿಕಾಗೊ ಒಪ್ಪಂದದ ಪ್ರಕಾರ ಸೇನಾ ವಿಮಾನ ಬೇರೆ ದೇಶದ ಮೇಲೆ ಅನುಮತಿ ಇಲ್ಲದೆ ಹಾರುವಂತಿಲ್ಲ. ಇಲ್ಲಿಂದ ಹವಾಯಿಗೆ ಒಂದೇ ಹಾರಾಟದಲ್ಲಿ ಹೋಗಲೂ ಆಗುವುದಿಲ್ಲ. ದಾರಿಯಲ್ಲಿ ಇಳಿಯುವ ಜಾಗ, ಇಂಧನ ಎಲ್ಲ ಗೊತ್ತು ಮಾಡಿಕೊಳ್ಳಬೇಕು. ಅಮೆರಿಕದ ನೆಲೆಗಳಲ್ಲಿ ಇಂಧನ ಪಡೆಯುವುದನ್ನು ಭಾರತ-ಅಮೆರಿಕ ಸೇನೆಗಳು ಪರಸ್ಪರರ ನೆಲೆಗಳಲ್ಲಿ ಇಂಧನ, ಸಾಮಗ್ರಿ ಪಡೆಯಲು ಮಾಡಿಕೊಂಡ 2016ರ ಲೆಮೋಆ ಒಪ್ಪಂದ ಸುಲಭ ಮಾಡಿದೆ.

ಇನ್ನು ನೆಲದ ಮೇಲಿನ ತಂತ್ರಜ್ಞರು. ಇವರ ಹೆಸರು ಸುದ್ದಿಯಲ್ಲಿ ಬರುವುದಿಲ್ಲ, ಆದರೆ ಇವರಿಲ್ಲದೆ ಏನೂ ನಡೆಯುವುದಿಲ್ಲ. ಬಿಡಿಭಾಗ, ಉಪಕರಣ ಎಲ್ಲ ಎಣಿಸಿ ಜೊತೆಗೆ ಒಯ್ಯುತ್ತಾರೆ. ಸಮುದ್ರದ ಮೇಲೆ ಕೆಳಮಟ್ಟದಲ್ಲಿ ಹಾರಿ ಬಂದ ವಿಮಾನಕ್ಕೆ ಉಪ್ಪು ಮೆತ್ತಿಕೊಂಡಿರುತ್ತದೆ. ಸುಮ್ನೆ ಬಿಟ್ಟರೆ ಅದು ಲೋಹವನ್ನು ತಿಂದುಹಾಕುತ್ತದೆ. ಅದಕ್ಕೇ ಬಂದಿಳಿದ ವಿಮಾನವನ್ನು ಸಿಹಿನೀರಿನಲ್ಲಿ ತೊಳೆಯುತ್ತಾರೆ. ಆ ನೀರು ಎಲ್ಲಿ ಸಿಗುತ್ತದೆ ಎಂಬುದನ್ನೂ ಹೊರಡುವ ಮುಂಚೆಯೇ ಕೇಳಿ ಬರೆದಿಟ್ಟುಕೊಂಡಿರುತ್ತಾರೆ.