ಗ್ರಾಮಸಭೆಯಲ್ಲಿ ವಿರೋಧಿಸಿದ್ದಕ್ಕೆ 50 ಲಕ್ಷದ ನೋಟಿಸ್

ಪ್ರಶ್ನೆ: ನಮ್ಮೂರ ಕಾಫಿ ತೋಟವೊಂದನ್ನು ಭೂಪರಿವರ್ತನೆ ಮಾಡಿಸಿ ರೆಸಾರ್ಟ್ ಕಟ್ಟಲು ಹೊರಟಿದ್ದಾರೆ. ತೋಡಿಗೆ ಕೊಳಚೆ ಸೇರುತ್ತದೆಂದು ಗ್ರಾಮಸಭೆಯಲ್ಲಿ ವಿರೋಧಿಸಿದೆವು, ಜಿಲ್ಲಾಧಿಕಾರಿಗೆ ಮನವಿ ಕೊಟ್ಟೆವು, ವಾಟ್ಸ್‌ಆ್ಯಪ್‌ನಲ್ಲೂ ಹಾಕಿದೆವು. ಈಗ ಬೆಂಗಳೂರಿನ ವಕೀಲರಿಂದ ಮಾನನಷ್ಟಕ್ಕೆ 50 ಲಕ್ಷ ರೂಪಾಯಿ ಕೇಳಿ ನೋಟಿಸ್ ಬಂದಿದೆ. ಕ್ಷಮೆ ಕೇಳಿಬಿಡೋಣವೇ?
– ಓದುಗರೊಬ್ಬರು, ವಿರಾಜಪೇಟೆ ತಾಲ್ಲೂಕು

ಉತ್ತರ: ಗಾಬರಿಯಲ್ಲಿ ಕ್ಷಮಾಪತ್ರ ಬರೆಯಬೇಡಿ. ನಾಳೆ ಅದೇ ನಿಮ್ಮ ವಿರುದ್ಧ ಸಾಕ್ಷ್ಯವಾಗುತ್ತದೆ. ಇಂಥ ದಾವೆ ಹಾಕುವವರಿಗೆ ಗೆಲ್ಲುವುದಕ್ಕಿಂತ ನಿಮ್ಮನ್ನು ಕೋರ್ಟಿಗೆ ಅಲೆಸಿ ಬಾಯಿ ಮುಚ್ಚಿಸುವುದೇ ಮುಖ್ಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1992ರ ಕಾನೂನಿನಡಿ ಇವನ್ನು ಆರಂಭದಲ್ಲೇ ವಜಾ ಮಾಡಿಸಿ, ವಕೀಲರ ಶುಲ್ಕವನ್ನೂ ಎದುರಾಳಿಯಿಂದ ವಸೂಲಿ ಮಾಡಬಹುದು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಗತಿ.

ಮೊದಲು ಕಲಂ 148ಎ ಅಡಿ ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂದು ಕೋರ್ಟಿಗೆ ಮೊದಲೇ ಸಲ್ಲಿಸುವ ಅರ್ಜಿ) ಹಾಕಿ, ಪ್ರತಿಯನ್ನು ರಿಜಿಸ್ಟ್ರೇಷನ್ ಸೌಲಭ್ಯವಿರುವ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕೊಟ್ಟವರಿಗೂ ಕಳಿಸಿ. ಆಗ ನಿಮ್ಮನ್ನು ಕೇಳದೆ ತಡೆಯಾಜ್ಞೆ ಕೊಡುವಂತಿಲ್ಲ. ಹಲವರು ಎಡವುವುದು ಇಲ್ಲೇ: ಊರ ಕೋರ್ಟಿನಲ್ಲಿ ಕೇವಿಯಟ್ ಹಾಕಿರುತ್ತಾರೆ, ದಾವೆ ಬೆಂಗಳೂರಿನಲ್ಲಿ ದಾಖಲಾಗುತ್ತದೆ. ಎರಡೂ ಕಡೆ ಹಾಕಿ. 90 ದಿನ ಮುಗಿದರೆ ಹೊಸದಾಗಿ ಹಾಕಬೇಕು.

ಸಮನ್ಸ್ ಬಂದರೆ ಲಿಖಿತ ಹೇಳಿಕೆಗೆ 30 ದಿನ, ನ್ಯಾಯಾಲಯ ಒಪ್ಪಿದರೆ 90. ಅಷ್ಟರೊಳಗೆ ಎಚ್ಚೆತ್ತುಕೊಳ್ಳಿ. ಯಾವ ಮಾತು ಮಾನಹಾನಿಕರ ಎಂದೇ ದಾವಾಪತ್ರ ತಿಳಿಸದಿದ್ದರೆ ಆದೇಶ 7, ನಿಯಮ 11ರಡಿ ಅದನ್ನು ತಿರಸ್ಕರಿಸಲು ಅರ್ಜಿ ಹಾಕಿ. ಏಕಪಕ್ಷೀಯ ತಡೆಯಾಜ್ಞೆ ಆಗಿಯೇಬಿಟ್ಟರೆ ಆದೇಶ 39, ನಿಯಮ 4ರಡಿ ತೆರವು ಕೋರಿ. ಸುದ್ದಿಸಂಸ್ಥೆ ಬ್ಲೂಮ್‌ಬರ್ಗ್ ವಿರುದ್ಧ ಝೀ ಕಂಪನಿ ಹೂಡಿದ್ದ ಮಾನನಷ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಇಂಥ ಬಾಯಿಮುಚ್ಚಿಸುವ ದಾವೆಗಳ ಬಗ್ಗೆ ಎಚ್ಚರಿಸಿ, ವಿಚಾರಣೆಗೆ ಮೊದಲೇ ಪ್ರಕಟಣೆ ತಡೆಯುವುದು ಅಪರೂಪವಾಗಿರಬೇಕು ಎಂದಿದೆ. ಅದನ್ನು ಉಲ್ಲೇಖಿಸಿ.

ದಾವೆ ಸುಳ್ಳೆಂದು ತೀರ್ಮಾನವಾದರೂ ಕಲಂ 35ಎ ಅಡಿ ಸಿಗುವ ಪರಿಹಾರ ಹೆಚ್ಚೆಂದರೆ 3,000 ರೂಪಾಯಿ. ಇದು ನಿಜಕ್ಕೂ ಅನ್ಯಾಯ. ಸಕಾರಣವಿಲ್ಲದೆ ತಡೆಯಾಜ್ಞೆ ಪಡೆದಿದ್ದರೆ ಮಾತ್ರ ಕಲಂ 95ರಡಿ 50,000ದವರೆಗೆ ಕೇಳಬಹುದು.

ಕ್ರಿಮಿನಲ್ ದೂರು ಕೊಟ್ಟರೆ? ಭಾರತೀಯ ನ್ಯಾಯ ಸಂಹಿತೆಯ ಕಲಂ 356ರ ಎಂಟನೇ ವಿನಾಯಿತಿ ಅಧಿಕಾರಿಗೆ ಸದ್ಭಾವನೆಯಿಂದ ಕೊಟ್ಟ ದೂರನ್ನು ಕಾಪಾಡುತ್ತದೆ. ಜಿಲ್ಲಾಧಿಕಾರಿಗೆ ಕೊಟ್ಟ ಮನವಿಗೆ ಅದೇ ಆಸರೆ. ಸ್ವೀಕೃತಿ ಮುದ್ರೆಯಿರುವ ಪ್ರತಿಯನ್ನೂ ಗ್ರಾಮಸಭೆ ನಡಾವಳಿಯ ದೃಢೀಕೃತ ನಕಲನ್ನೂ ತೆಗೆದಿಡಿ. ವಕೀಲರ ಖರ್ಚು ಭಾರವೆನಿಸಿದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ.

ವಾಟ್ಸ್‌ಆ್ಯಪ್ ಸಂದೇಶಕ್ಕೆ ಆ ವಿನಾಯಿತಿ ಸಿಗದು. ಅದನ್ನು ಅಳಿಸಬೇಡಿ, ವಕೀಲರಿಗೆ ತೋರಿಸಿ. ಮುಂದೆ ಬರೆಯುವಾಗ ‘ಕೊಳಚೆ ಬಿಡುತ್ತಿದ್ದಾರೆ’ ಎನ್ನದೆ, ‘ನಕ್ಷೆಯಲ್ಲಿ ಶುದ್ಧೀಕರಣ ಘಟಕ ಕಾಣುತ್ತಿಲ್ಲ, ತೋಡಿಗೆ ಸೇರುವ ಆತಂಕವಿದೆ’ ಎಂಬಂತೆ, ದಾಖಲೆ ನೋಡಿ ಖಚಿತವಾದದ್ದನ್ನಷ್ಟೇ ಬರೆಯಿರಿ.