ಅಡ್ಮಿಟ್ ಆಗದ ಹಾರ್ಟ್ ಅಟ್ಯಾಕ್‌ಗಳು

ಪತ್ರ: 2020ರ ಲಾಕ್‌ಡೌನ್‌ನಲ್ಲಿ ಹಾರ್ಟ್ ಅಟ್ಯಾಕ್ ಕೇಸುಗಳೇ ಕಡಿಮೆಯಾಗಿದ್ದವಂತೆ. ಹಾಗಾದರೆ ಅದಕ್ಕೆ ಮೊದಲು ನಡೆಯುತ್ತಿದ್ದದ್ದು ಆಸ್ಪತ್ರೆಗಳ ವ್ಯಾಪಾರವೇ? ನಮ್ಮ ದೊಡ್ಡಪ್ಪನಿಗೂ ಆಗ ಎದೆ ಹಿಡಿದುಕೊಂಡಿತ್ತು. ಜೀರಿಗೆ ಕಷಾಯ ಕುಡಿದು ಮಲಗಿದರು. ಎರಡು ದಿನದಲ್ಲಿ ತಾನಾಗಿ ಸರಿಹೋಯಿತು.
– ಓದುಗರು, ತಿಪಟೂರು

ಸಂಪಾದಕರ ಉತ್ತರ:

ಕೇಸು ಕಡಿಮೆಯಾದದ್ದು ನಿಜ. ನಮ್ಮ ದೇಶದ 187 ಆಸ್ಪತ್ರೆಗಳ ಲೆಕ್ಕವನ್ನು ಹೃದಯತಜ್ಞರು 2019ರ ಲೆಕ್ಕದ ಪಕ್ಕ ಇಟ್ಟು ನೋಡಿದರು. ಹೃದಯಾಘಾತವಾಗಿ ದಾಖಲಾದವರು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿದಿದ್ದರು.

ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ, ಒಪ್ಪುತ್ತೇನೆ. ಕಟ್ಟಿಕೊಂಡ ರಕ್ತನಾಳ ತೆರೆದಿಡಲು ಹಾಕುವ ಪುಟ್ಟ ಜಾಲರಿ ಕೊಳವೆ ಸ್ಟೆಂಟಿನ ಬೆಲೆಗೆ 2017ರಲ್ಲಿ ಸರ್ಕಾರವೇ ಮೂಗುದಾರ ಹಾಕಬೇಕಾಯಿತು ಅಲ್ವಾ? ಆದರೆ ಇಂಗ್ಲೆಂಡ್ ನೋಡಿ. ಅಲ್ಲಿನ ಸರ್ಕಾರಿ ವ್ಯವಸ್ಥೆಯಲ್ಲಿ ರೋಗಿ ಆಸ್ಪತ್ರೆ ಬಿಲ್ಲೇ ಕಟ್ಟುವುದಿಲ್ಲ. ಅಲ್ಲೂ ವಾರಕ್ಕೆ 3,017 ಇದ್ದ ದಾಖಲಾತಿ 2020ರ ಮಾರ್ಚ್ ಕೊನೆಗೆ 1,813ಕ್ಕೆ ಬಿತ್ತು. ಅಲ್ಲಿ ಯಾರ ವ್ಯಾಪಾರ ನಿಂತಿತು?

ಇಟಲಿಯ ಲೆಕ್ಕ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಆ ಮಾರ್ಚ್‌ನ ಒಂದು ವಾರ, 54 ಆಸ್ಪತ್ರೆ. ಹಿಂದಿನ ವರ್ಷ ಅದೇ ವಾರ 618 ಜನ ಬಂದಿದ್ದರು, ಈ ಸಲ 319. ರಕ್ತನಾಳ ಪೂರ್ತಿ ಕಟ್ಟಿಕೊಳ್ಳುವ ದೊಡ್ಡ ಅಟ್ಯಾಕ್ ಸುಮಾರು ಕಾಲು ಭಾಗ ಇಳಿದಿತ್ತು. ಅರೆಬರೆ ಕಟ್ಟಿಕೊಂಡು ನೋವು ಬಂದು ಹೋಗುವ ಬಗೆ ಮಾತ್ರ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮಾಯ! ಕಾಯಿಲೆಯೇ ಕಡಿಮೆಯಾಗಿದ್ದರೆ ಹೀಗೆ ಆರಿಸಿ ಆರಿಸಿ ಯಾಕೆ ಇಳಿಯಬೇಕು? ತಡೆದುಕೊಳ್ಳಬಹುದಾದ ನೋವನ್ನು ಜನ ಮನೆಯಲ್ಲೇ ತಡೆದುಕೊಂಡರು. ಬಂದವರೂ ತಡವಾಗಿ ಬಂದರು. ದೊಡ್ಡ ಅಟ್ಯಾಕ್ ಆದವರಲ್ಲಿ ಸಾವು ನೂರಕ್ಕೆ 4ರಿಂದ ಸುಮಾರು 14ಕ್ಕೆ ಏರಿತು.

ಇಟಲಿಯದೇ ಲೊಂಬಾರ್ಡಿ ಪ್ರಾಂತ್ಯದ ನಾಲ್ಕು ಜಿಲ್ಲೆಗಳಲ್ಲಿ ಕೊರೊನಾ ಹರಡಿದ ಮೊದಲ 40 ದಿನ ಆಸ್ಪತ್ರೆಯ ಹೊರಗೆ ಹೃದಯ ನಿಂತವರು 362. ಹಿಂದಿನ ವರ್ಷ 229. ಆ 362ರಲ್ಲಿ 103 ಜನರಿಗೆ ಕೊರೊನಾ ಇತ್ತು, ಇಲ್ಲವೇ ಇರುವ ಶಂಕೆಯಿತ್ತು. ಹಾಗಾಗಿ ಏರಿದ್ದೆಲ್ಲ ಮನೆಯಲ್ಲೇ ಉಳಿದ ಹಾರ್ಟ್ ಅಟ್ಯಾಕ್ ಅಂತ ನಾನೂ ಹೇಳಲಾರೆ.

ನಮ್ಮಲ್ಲಿ ಮನೆಯಲ್ಲೇ ಉಳಿಯಲು ಕಾರಣ ಹುಡುಕಬೇಕಿರಲಿಲ್ಲ. ಬಸ್ಸಿಲ್ಲ, ಆಟೋ ಇಲ್ಲ, ದಾರಿಯಲ್ಲಿ ಲಾಠಿ. ಹೇಗೋ ಹೋದರೂ ಮೊದಲು ಗಂಟಲ ದ್ರವ ಕೊಡಬೇಕು. ಪಾಸಿಟಿವ್ ಬಂದರೆ ಇಡೀ ಬೀದಿಗೆ ಬ್ಯಾರಿಕೇಡ್. ಅದರ ಬದಲು 'ಗ್ಯಾಸ್ ಇರಬೇಕು' ಅಂದುಕೊಂಡು ಸೋಡಾ ಕುಡಿಯುವುದೇ ಸುಲಭವಾಗಿತ್ತು.

ಇನ್ನು ನಿಮ್ಮ ದೊಡ್ಡಪ್ಪ. ಗ್ಯಾಸೇ ಇದ್ದಿರಬಹುದು. ಆದರೆ ಅಟ್ಯಾಕಿನ ನೋವೂ ತಾನಾಗಿ ನಿಲ್ಲುತ್ತದೆ. ರಕ್ತ ಸಿಗದ ಸ್ನಾಯು ಸತ್ತ ಮೇಲೆ ನೋಯುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ. ಆ ಜಾಗ ಕಲೆಗಟ್ಟಿ ಗಡುಸಾಗುತ್ತದೆ, ಮತ್ತೆ ರಕ್ತ ಒತ್ತುವ ಕೆಲಸ ಮಾಡುವುದಿಲ್ಲ. ಕಷಾಯದಿಂದ ವಾಸಿಯಾಯಿತು ಅಂತ ಮನೆಮಂದಿ ನಂಬುವುದು ಸಹಜ.

ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯಾ, ಸಂಜೆ ಹೊತ್ತಿಗೆ ಪಾದ ಊದುತ್ತದೆಯಾ ಅಂತ ಅವರನ್ನು ಕೇಳಿ. ಇಲ್ಲ ಅಂದರೂ ಒಂದು ಇಸಿಜಿ, ಒಂದು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಬಿಡಿ. 2020ಕ್ಕಿಂತ ಹಿಂದಿನ ಇಸಿಜಿ ಹಾಳೆ ಬೀರುವಿನಲ್ಲಿ ಎಲ್ಲಾದರೂ ಇದ್ದರೆ ಜೊತೆಗೆ ಒಯ್ಯಿರಿ. ಹಳೆಯ ಇಸಿಜಿ, ಹೊಸ ಇಸಿಜಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಆಗ ಆದದ್ದು ಅಟ್ಯಾಕೋ ಅಲ್ಲವೋ ಅಂತ ಡಾಕ್ಟರಿಗೆ ಹೇಳಲು ಸುಲಭ.